ವೇಷ ಕಟ್ಟುವ ಕೈ, ಕುಣಿಯುವ ಕಾಯ



ಕನ್ನಡದಲ್ಲಿ ವೇಷವೆಂಬ ಮಾತಿನೊಡನೆ ಎರಡು ಕ್ರಿಯಾಪದಗಳು ರೂಢಿಯಲ್ಲಿವೆ. ಒಂದು 'ವೇಷ ಹಾಕು' ಎಂಬುದು, ಇನ್ನೊಂದು 'ವೇಷ ಕಟ್ಟು' ಎಂಬುದು. ಒಬ್ಬನ ನಡೆಯಲ್ಲಿ ಸತ್ಯವಿಲ್ಲವೆಂದು ತೋರಿದಾಗ 'ಅವನು ಬರೀ ವೇಷ ಹಾಕುತ್ತಾನೆ' ಎಂದು ಜನ ಆಡಿಕೊಳ್ಳುತ್ತಾರೆ. ಆದರೆ ಬಯಲಾಟದ ಭಾಗವತನೋ ವೀರಗಾಸೆಯ ಹಿರಿಯನೋ ತನ್ನ ಬಳಗದ ಕಲಾವಿದನನ್ನು ಮೆಚ್ಚಿಕೊಳ್ಳುವಾಗ 'ಚೆನ್ನಾಗಿ ವೇಷ ಕಟ್ಟಿದ' ಎನ್ನುತ್ತಾನೆ. ಹಾಕಿದ್ದನ್ನು ಕ್ಷಣಮಾತ್ರದಲ್ಲಿ ತೆಗೆದೊಗೆಯಬಹುದು. ಕಟ್ಟುವುದಕ್ಕೆ ಕೈ ಬೇಕು, ಹೊತ್ತು ಬೇಕು, ತಾಳ್ಮೆ ಬೇಕು. ಮನೆ ಕಟ್ಟುವುದು, ಕೆರೆ ಕಟ್ಟುವುದು, ಕಾವ್ಯ ಕಟ್ಟುವುದು ಎಂಬ ಸಾಲಿನಲ್ಲಿಯೇ ವೇಷವನ್ನೂ ಇರಿಸಿದ ನಮ್ಮ ಹಿರಿಯರ ವಿವೇಕವನ್ನು ಮೊದಲು ಗಮನಿಸಬೇಕು.

ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದೆ. ಅಂಗಾಂಗಗಳ ಚಲನೆಯಿಂದಾಗುವುದು ಆಂಗಿಕ, ಮಾತಿನಿಂದಾಗುವುದು ವಾಚಿಕ, ವಸ್ತ್ರಾಭರಣ ಮತ್ತು ಮುಖವರ್ಣಿಕೆಗಳಿಂದಾಗುವುದು ಆಹಾರ್ಯ, ಅಂತಃಕರಣದ ಸ್ಪಂದನದಿಂದಾಗುವುದು ಸಾತ್ತ್ವಿಕ. ಈ ನಾಲ್ಕರಲ್ಲಿ ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಕುಗ್ಗಿಸಬೇಕು ಎಂಬ ಪ್ರಶ್ನೆಯೇ ರಂಗಕಲೆಯ ಇತಿಹಾಸವನ್ನು ಮುನ್ನಡೆಸಿದೆಯೆಂದರೆ ತಪ್ಪಾಗಲಾರದು. ಇಪ್ಪತ್ತನೆಯ ಶತಮಾನದಲ್ಲಿ ಪರಸ್ಪರ ದೂರದ ಎರಡು ನೆಲಗಳಲ್ಲಿ ಕೆಲವರು ಈ ಪ್ರಶ್ನೆಯನ್ನು ಬುಡದಿಂದಲೇ ಎತ್ತಿದರು. ಇಬ್ಬದಿಯವರೂ ಮಾತನ್ನು ಬದಿಗಿರಿಸಿ ಕಾಯವನ್ನು ಮುಂದಿಟ್ಟರು. ಒಂದು ನೆಲ ಜಪಾನು. ಇನ್ನೊಂದು ನಮ್ಮ ಕರಾವಳಿಯ ಕೋಟ ಮತ್ತು ಉಡುಪಿ. ಆ ಇತಿಹಾಸವನ್ನು ನಿಮ್ಮ ಮುಂದಿರಿಸಿ, ಅದರಿಂದ ನಮ್ಮ ಜಾತ್ರೆ ಉತ್ಸವಗಳಿಗೆ, ವಿಶೇಷವಾಗಿ ಹೊಸೂರು ರಸ್ತೆಯ ಸಿಂಗಸಂದ್ರದಂತಹ ಊರುಗಳಲ್ಲಿ ನೆಲೆಸಿರುವ ಭಕ್ತರಿಗೆ, ಏನು ಬೋಧೆ ದೊರೆಯುವುದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಜಪಾನಿನ ಕಗ್ಗತ್ತಲ ಕುಣಿತ

ಎರಡನೆಯ ಮಹಾಯುದ್ಧದಲ್ಲಿ ಸೋತು, ಹಿರೋಷಿಮಾ ಮತ್ತು ನಾಗಾಸಾಕಿಗಳ ದಾರುಣವನ್ನು ಕಂಡ ಜಪಾನು ಹದಿನೈದು ವರ್ಷಗಳೊಳಗಾಗಿ ಪಾಶ್ಚಾತ್ಯ ಮಾದರಿಯ ಕೈಗಾರಿಕೆಯ ದಾರಿಯಲ್ಲಿ ಬಹುದೂರ ಸಾಗಿತ್ತು. ಒಂದೆಡೆ ಯುರೋಪಿನ ಬ್ಯಾಲೆ ಮತ್ತು ಆಧುನಿಕ ನೃತ್ಯಗಳ ಅನುಕರಣೆ, ಇನ್ನೊಂದೆಡೆ ನೋ ಮತ್ತು ಕಬುಕಿ ಎಂಬ ಪ್ರಾಚೀನ ಪ್ರಕಾರಗಳ ಕಟ್ಟುನಿಟ್ಟಾದ ಸಂಪ್ರದಾಯ. ಇವೆರಡರ ನಡುವೆ ತಮ್ಮ ಕಾಲದ ದೇಹಕ್ಕೆ ಸ್ಥಳವೆಲ್ಲಿ ಎಂದು ಕೇಳಿದವರಲ್ಲಿ ತತ್ಸುಮಿ ಹಿಜಿಕಾತಾ ಮೊದಲಿಗರು. ೧೯೨೮ರಲ್ಲಿ ಉತ್ತರ ಜಪಾನಿನ ಅಕಿತಾ ಪ್ರಾಂತದಲ್ಲಿ ಜನಿಸಿದ ಇವರು ೧೯೫೯ರಲ್ಲಿ ಟೋಕಿಯೋ ನಗರದಲ್ಲಿ 'ಕಿನ್‌ಜಿಕಿ' ಎಂಬ ಚಿಕ್ಕ ನೃತ್ಯವನ್ನು ಪ್ರದರ್ಶಿಸಿದರು. ಪ್ರೇಕ್ಷಕರು ಬೆಚ್ಚಿದರು, ನೃತ್ಯಸಂಘದ ಹಿರಿಯರು ಮುನಿದರು. ಮುಂದೆ ಈ ಮಾರ್ಗಕ್ಕೆ 'ಅಂಕೋಕು ಬುತೋ' ಎಂಬ ಹೆಸರಾಯಿತು. 'ಬು' ಎಂದರೆ ಕುಣಿತ, 'ತೋ' ಎಂದರೆ ನೆಲವನ್ನು ಮೆಟ್ಟುವುದು. 'ಅಂಕೋಕು' ಎಂದರೆ ಕಗ್ಗತ್ತಲೆ. ಕತ್ತಲೆಯೊಳಗೆ ನೆಲವನ್ನು ಮೆಟ್ಟಿ ಕುಣಿಯುವ ಕುಣಿತವೆಂದು ಇದನ್ನು ತಿಳಿಯಬಹುದು.

ಹಿಜಿಕಾತಾ ಅವರ ಬಾಳಿನಲ್ಲಿ ನಮಗೆ ಮುಖ್ಯವೆನಿಸುವ ಘಟ್ಟ ಅನಂತರದ್ದು. ೧೯೬೫ರಲ್ಲಿ ಅವರು ಛಾಯಾಗ್ರಾಹಕ ಐಕೋ ಹೊಸೋಯೆ ಅವರೊಡನೆ ತಮ್ಮ ಹುಟ್ಟುಪ್ರಾಂತದ ತಾಷಿರೋ ಎಂಬ ಹಳ್ಳಿಗೆ ಮರಳಿದರು. ಭತ್ತದ ಗದ್ದೆಗಳ ನಡುವೆ, ಹಳ್ಳಿಗರ ಮಧ್ಯೆ ತೆಗೆದ ಆ ಚಿತ್ರಗಳು ೧೯೬೯ರಲ್ಲಿ 'ಕಾಮೈತಾಚಿ' ಎಂಬ ಗ್ರಂಥವಾಗಿ ಹೊರಬಂದವು. ೧೯೭೨ರ ಹೊತ್ತಿಗೆ ಅವರ ನೃತ್ಯದೊಳಗೆ ಆ ಶೀತಪ್ರದೇಶದ ರೈತರ ಬಾಗಿದ ಬೆನ್ನು, ಹೊರಕ್ಕೆ ಬಳುಕಿದ ಮಂಡಿಗಳು, ಹರಿದ ಹಳೆಯ ಕಿಮೊನೊಗಳು ಬಂದು ನೆಲೆಸಿದ್ದವು. ಪಾಶ್ಚಾತ್ಯ ನರ್ತಕನು ಆಕಾಶಕ್ಕೆ ಚಿಮ್ಮಲು ಹವಣಿಸಿದರೆ, ಗದ್ದೆಯಲ್ಲಿ ನಾಟಿ ಮಾಡಿದ ದೇಹ ನೆಲದ ಕಡೆಗೇ ಬಾಗುತ್ತದೆ. ಆ ಬಾಗನ್ನು ಕೊರತೆಯೆಂದು ತಿದ್ದದೆ, ಅದನ್ನೇ ಕಲೆಯ ಮೂಲದ್ರವ್ಯವಾಗಿ ಸ್ವೀಕರಿಸಿದ್ದು ಇವರ ಸಾಧನೆ.

ಇವರ ಸಹಯೋಗಿಗಳಾದ ಕಜುವೊ ಓನೊ ಅವರ ಕಥೆ ಬೇರೊಂದು ಬಗೆಯದು. ೧೯೦೬ರಲ್ಲಿ ಜನಿಸಿದ ಓನೊ ಕ್ರೈಸ್ತಮತದ ಶ್ರದ್ಧಾಳು, ಯೊಕೊಹಾಮಾದ ಬಾಲಿಕಾ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕರು. ೧೯೨೯ರಲ್ಲಿ ಟೋಕಿಯೋಗೆ ಬಂದಿದ್ದ ಸ್ಪೇನ್ ಶೈಲಿಯ ನರ್ತಕಿ ಅಂತೋನಿಯಾ ಮೆರ್ಸೆಯ ನೃತ್ಯವನ್ನು ಕಂಡು ಅವರ ಮನಸ್ಸು ಅದರಲ್ಲಿ ನೆಟ್ಟಿತು. ಆ ನರ್ತಕಿಯನ್ನು ಜನರು 'ಲಾ ಅರ್ಹೆಂತೀನಾ' ಎಂದು ಕರೆಯುತ್ತಿದ್ದರು. ನಡುವೆ ಓನೊ ಅನೇಕ ವರ್ಷ ಸೈನ್ಯದಲ್ಲಿದ್ದರು, ನ್ಯೂಗಿನಿಯಲ್ಲಿ ಸೆರೆಯಾಳಾದರು, ಮರಳಿ ಬಂದು ೧೯೪೯ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಮೊದಲ ಸ್ವತಂತ್ರ ಪ್ರದರ್ಶನ ನೀಡಿದರು. ಎಂದೋ ಕಂಡ ಆ ನರ್ತಕಿಗೆ ಗೌರವವಾಗಿ ೧೯೭೭ರಲ್ಲಿ, ತಮ್ಮ ೭೧ನೆಯ ವಯಸ್ಸಿನಲ್ಲಿ, ಸ್ತ್ರೀವೇಷ ಧರಿಸಿ ಮುಖಕ್ಕೆ ಬಿಳಿಯ ಲೇಪ ಬಳಿದು ನರ್ತಿಸಿದರು. ಆ ಪ್ರದರ್ಶನವನ್ನು ನಿರ್ದೇಶಿಸಿದವರು ಹಿಜಿಕಾತಾ. ವೃದ್ಧನ ಸುಕ್ಕುಗಟ್ಟಿದ ಕೈ, ಹಳೆಯ ಕಾಲದ ಉಡುಪು, ಹೂವು ಮುಡಿದ ಟೋಪಿ! ಇದರಲ್ಲಿ ನಗೆಪಾಟಲಾಗುವ ಅಪಾಯವಿತ್ತು. ಆದರೆ ಕಂಡವರಿಗೆ ಅದು ಒಬ್ಬ ಗುರುವಿಗೆ ಶಿಷ್ಯನು ಅರ್ಧಶತಮಾನದ ನಂತರ ಸಲ್ಲಿಸಿದ ಕಾಣಿಕೆಯಾಗಿ ತೋರಿತು. ಹಿಜಿಕಾತಾ ೧೯೮೬ರಲ್ಲಿ ತೀರಿಕೊಂಡರು. ಓನೊ ೨೦೧೦ರವರೆಗೆ, ನೂರಮೂರು ವರ್ಷ ಬದುಕಿದರು.

ಇವರ ನಂತರದ ಪೀಳಿಗೆಯಲ್ಲಿ ಉಷಿಯೊ ಅಮಗಾತ್ಸು ೧೯೭೫ರಲ್ಲಿ ಸ್ಥಾಪಿಸಿದ 'ಸಂಕಾಯ್ ಜುಕು' ತಂಡ ಬುತೋವನ್ನು ಜಗತ್ತಿಗೆಲ್ಲ ಪರಿಚಯಿಸಿತು. ತಲೆ ಬೋಳಿಸಿ ಸರ್ವಾಂಗಕ್ಕೂ ಬಿಳಿಯ ಪುಡಿ ಲೇಪಿಸಿದ ನರ್ತಕರು ಕಣ್ಣಿಗೆ ಕಾಣದಷ್ಟು ಮೆಲ್ಲನೆ ಚಲಿಸುವ ಆ ದೃಶ್ಯ ಪ್ರಸಿದ್ಧವಾಯಿತು. ೧೯೮೫ರಲ್ಲಿ ಅಮೇರಿಕೆಯ ಸಿಯಾಟಲ್ ನಗರದಲ್ಲಿ, ಎತ್ತರದ ಕಟ್ಟಡದಿಂದ ಹಗ್ಗಕ್ಕೆ ತಲೆಕೆಳಗಾಗಿ ತೂಗಿ ಇಳಿಯುತ್ತಿದ್ದಾಗ ಹಗ್ಗ ಹರಿದು ಆ ತಂಡದ ಒಬ್ಬ ನರ್ತಕ ಅಸುನೀಗಿದ. ಕಾಯವನ್ನೇ ಪಣವಾಗಿಟ್ಟ ಕಲೆ ಎಂಬ ಮಾತು ಅಲಂಕಾರವಲ್ಲವೆಂಬುದಕ್ಕೆ ಇದೊಂದು ಕ್ರೂರ ನಿದರ್ಶನ.

ಕೋಟದ ಕಾರಂತರು

ಜಪಾನಿನಲ್ಲಿ 'ಕಿನ್‌ಜಿಕಿ' ಪ್ರದರ್ಶಿತವಾದ ೧೯೫೯ರಲ್ಲಿಯೇ ಕರ್ನಾಟಕದ ಒಂದು ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಗ್ರಂಥ 'ಯಕ್ಷಗಾನ ಬಯಲಾಟ'. ಬರೆದವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರಾಗಿ ಅವರನ್ನು ಕಂಡಿರುವ ನಮ್ಮ ವಿದ್ಯಾರ್ಥಿಗಳು, ಅವರಿಗೆ ಅಕಾಡೆಮಿಯ ಮನ್ನಣೆ ದೊರೆತದ್ದು ಕಾದಂಬರಿಗಲ್ಲ, ರೈತರೂ ಕೂಲಿಕಾರರೂ ಕುಣಿಯುವ ಆಟವನ್ನು ಕುರಿತ ಸಂಶೋಧನೆಗೆ, ಎಂಬುದನ್ನು ನೆನಪಿಡಬೇಕು.

೧೯೦೨ರ ಅಕ್ಟೋಬರ್ ೧೦ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಅಲ್ಲಿಂದ ಮುಂದೆ ಅವರು ಕೈಹಾಕದ ಕ್ಷೇತ್ರವೇ ವಿರಳ. ಮೂಕಚಿತ್ರ ತೆಗೆದರು, ನಾಟಕ, ಗೀತನಾಟಕಗಳನ್ನು ಬರೆದು ಆಡಿಸಿದರು, ನೃತ್ಯಪ್ರಯೋಗ ನಡೆಸಿದರು, ಚಿತ್ರ ಬರೆದರು, ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ ಮಕ್ಕಳ ಶಿಕ್ಷಣದ ಹೊಸ ದಾರಿಗಳನ್ನು ಹುಡುಕಿದರು, ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ರಚಿಸಿದರು. ೧೯೩೩ರ 'ಚೋಮನ ದುಡಿ'ಯಿಂದ ೧೯೬೮ರ 'ಮೂಕಜ್ಜಿಯ ಕನಸುಗಳು'ವರೆಗಿನ ಕಾದಂಬರಿಗಳು ಸರ್ವವಿದಿತ. ೧೯೭೭ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ಬಂದಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರೂ ಅವರೇ. ತಮ್ಮ ಆತ್ಮಕಥನಕ್ಕೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಅವರು ಹೆಸರಿಟ್ಟಿದ್ದು ಸಾರ್ಥಕವಾಗಿಯೇ ಇದೆ. ಇಂದು ಹಲವು ಕಲೆಗಳ ಗಡಿಗಳನ್ನು ದಾಟಿ ದುಡಿಯುವ ಕಲಾವಿದರನ್ನು ಕುರಿತು ನಗರಗಳಲ್ಲಿ ಬಹಳವಾಗಿ ಮಾತನಾಡುತ್ತಾರೆ. ಆ ಹೆಸರೇ ಇಲ್ಲದ ಕಾಲದಲ್ಲಿ ಕಾರಂತರು ಅಂಥ ಬಾಳನ್ನು ಬಾಳಿದರು.

ಕಾರಂತರು ಮಠಮಾನ್ಯಗಳ ಸಮೀಪದವರಲ್ಲ. ದೇವರ ಅಸ್ತಿತ್ವವನ್ನು ಪ್ರಶ್ನಿಸಿದವರು. ಆಚಾರಗಳನ್ನು ನಿಷ್ಠುರವಾಗಿ ಪರೀಕ್ಷಿಸಿದವರು. ಅಂಥವರನ್ನು ಈ ಪತ್ರಿಕೆಯಲ್ಲಿ ಏಕೆ ಸ್ಮರಿಸಬೇಕೆಂದು ಕೆಲವರಿಗೆ ತೋರಬಹುದು. ಕಾಯಕದಲ್ಲಿ ನಿಷ್ಠೆಯುಳ್ಳವನು ಯಾವ ದಾರಿಯಿಂದ ಬಂದರೂ ಅವನಿಂದ ಕಲಿಯತಕ್ಕದ್ದಿದೆ ಎಂಬುದೇ ನಮ್ಮ ಉತ್ತರ. ಜನರು ದೇವರ ಸೇವೆಯೆಂದು ಆಡಿಸುವ ಆಟವನ್ನು, ದೇವರನ್ನು ನಂಬದ ಒಬ್ಬರು ದಶಕಗಳ ಕಾಲ ಶ್ರದ್ಧೆಯಿಂದ ಕಾಯ್ದರೆಂಬುದು ಸಣ್ಣ ಸಂಗತಿಯಲ್ಲ.

ಚೌಕಿಯೊಳಗಿನ ಕೆಲಸ

ಕಾರಂತರು ಬಯಲಾಟವನ್ನು ಅಭ್ಯಸಿಸಲು ತೊಡಗಿದಾಗ ಅವರ ಕಣ್ಣು ಕುಣಿತ, ಹಾಡುಗಳಷ್ಟೇ ವೇಷಭೂಷಣದ ಮೇಲೂ ನೆಟ್ಟಿತು. ಬಡಗುತಿಟ್ಟಿನ ವೇಷ ಹೇಗೆ ಸಿದ್ಧವಾಗುತ್ತದೆಂಬುದನ್ನು ಘಟ್ಟದ ಮೇಲಿನ ನಮ್ಮ ಓದುಗರಿಗಾಗಿ ಸ್ವಲ್ಪ ವಿವರಿಸುವುದು ಅಗತ್ಯ.

ಕಲಾವಿದರು ಸಜ್ಜಾಗುವ ಸ್ಥಳಕ್ಕೆ ಚೌಕಿಯೆಂದು ಹೆಸರು. ಅಲ್ಲಿ ಮೊದಲು ಗಣಪತಿಯ ಪೂಜೆ. ಅನಂತರ ಪ್ರತಿಯೊಬ್ಬನೂ ತನ್ನ ಮುಖವರ್ಣಿಕೆಯನ್ನು ತಾನೇ ಬರೆದುಕೊಳ್ಳುತ್ತಾನೆ. ಹಳೆಯ ಕ್ರಮದಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ರಾಕ್ಷಸವೇಷಕ್ಕಾದರೆ ಅಕ್ಕಿಯ ಹಿಟ್ಟು ಮತ್ತು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟೆ ಇಡಬೇಕು. ಒಂದೊಂದೇ ಬಿಂದು ಒಣಗುತ್ತ ಮುಳ್ಳಿನಂತೆ ನಿಲ್ಲುವವರೆಗೆ ಗಂಟೆಗಟ್ಟಲೆ ಕುಳಿತಿರಬೇಕು. ಕಿರೀಟ, ಭುಜಕೀರ್ತಿ, ಎದೆಕಟ್ಟು, ತೋಳ್ಕಟ್ಟು, ಕರ್ಣಪತ್ರ ಮೊದಲಾದವು ಹಗುರವಾದ ಮರದಲ್ಲಿ ಕೆತ್ತಿ ಮೇಲೆ ಬಂಗಾರಬಣ್ಣದ ಬೇಗಡೆ ಹಚ್ಚಿದ ಆಭರಣಗಳು. ವೀರನ ತಲೆಯ ದೊಡ್ಡ ಮುಂಡಾಸಾದರೋ ಕೊಂಡು ತಂದ ವಸ್ತುವಲ್ಲ. ಹುಲ್ಲನ್ನು ಬಟ್ಟೆಯಲ್ಲಿ ಸುತ್ತಿದ ಅಟ್ಟೆಗಳನ್ನಿಟ್ಟು, ಅರಿವೆಯನ್ನು ಸುತ್ತಿ ಸುತ್ತಿ, ಜರಿಪಟ್ಟಿಯಿಂದ ಬಿಗಿದು ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟತಕ್ಕದ್ದು. ಸೊಂಟಕ್ಕೆ ಚೌಕುಳಿಯ ಕಸೆಸೀರೆ, ಕಾಲಿಗೆ ಗೆಜ್ಜೆ. ಬೆಳಗಾದಾಗ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ಸೇರಿಸಬೇಕು. ಮರುದಿನ ಬೇರೊಂದು ಊರಿನ ಬಯಲಿನಲ್ಲಿ ಮತ್ತೆ ಕಟ್ಟಬೇಕು. ವೇಷ ಕಟ್ಟು ಎಂಬ ಮಾತಿನ ಅರ್ಥ ಇಲ್ಲಿ ಅಕ್ಷರಶಃ ಕಾಣುತ್ತದೆ.

ಈ ವೇಷದ ಪರಿಣಾಮವೇನು? ತಲೆಯನ್ನು ಎತ್ತರಿಸಿ, ಭುಜಗಳನ್ನು ಹಿಗ್ಗಿಸಿ, ಎದೆಯನ್ನು ತುಂಬಿಸಿ ಅದು ಸಾಧಾರಣ ಮನುಷ್ಯನನ್ನು ಅತಿಮಾನುಷ ಪ್ರಮಾಣಕ್ಕೆ ಬೆಳೆಸುತ್ತದೆ. ಹಗಲು ಗದ್ದೆಯಲ್ಲಿ ದುಡಿದವನು ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಕರ್ಣನಾಗುತ್ತಾನೆ. ಆ ಮರದ ಆಭರಣಗಳ ಭಾರವೂ ಬಿಗಿತವೂ ಕುಣಿತದ ಲಕ್ಷಣವನ್ನು ನಿರ್ಧರಿಸುತ್ತವೆ. ವೇಷ ಬದಲಾದರೆ ಹೆಜ್ಜೆಯೂ ಬದಲಾಗುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಟಿಕೇಟಿನ ಡೇರೆ ಮೇಳಗಳು ಬಂದು, ವಿದ್ಯುದ್ದೀಪದ ಪ್ರಖರತೆಯಲ್ಲಿ ಕಂಪನಿ ನಾಟಕದ ಮಾದರಿಯ ಮಖಮಲ್ಲು, ಮಿರುಗುವ ಪೇಟೆಯ ಬಟ್ಟೆಗಳು ಹೊಕ್ಕಾಗ ಕಾರಂತರು ಕಳವಳಗೊಂಡದ್ದು ಈ ಕಾರಣಕ್ಕೆ. ಬಟ್ಟೆಯೊಂದು ಬದಲಾಯಿತೆಂದು ಜನ ತಿಳಿದರು; ಒಂದು ದೇಹಭಾಷೆಯೇ ಅಳಿಯುತ್ತಿದೆಯೆಂದು ಅವರು ಕಂಡರು.

ಯಕ್ಷರಂಗದ ಪ್ರಯೋಗ ಮತ್ತು ಅದರ ವಿವಾದ

೧೯೭೧ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಸಂಘಟನಶಕ್ತಿಯೂ ಕಾರಂತರ ಕಲಾದೃಷ್ಟಿಯೂ ಇದಕ್ಕೆ ಆಧಾರ. ಹುಡುಗರು ಗುರುವಿನೊಡನೆ ವಾಸವಿದ್ದು ಕಲಿಯುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಮದ್ದಳೆಯ ಹಿರಿಯಡಕ ಗೋಪಾಲ ರಾವ್, ಕುಣಿತದ ವೀರಭದ್ರ ನಾಯಕ ಮುಂತಾದ ಹಿರಿಯರ ವಿದ್ಯೆ ಹೊಸ ಪೀಳಿಗೆಗೆ ಹರಿಯಿತು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ಅದೇ ಕೇಂದ್ರದಲ್ಲಿ ಗುರುಗಳಾಗಿ ನೂರಾರು ಶಿಷ್ಯರನ್ನು ತಯಾರಿಸಿದರು. ಅಮೇರಿಕೆಯಿಂದ ಬಂದು ಇಲ್ಲಿ ಕಲಿತ ಮಾರ್ತಾ ಆಶ್ಟನ್ ೧೯೭೭ರಲ್ಲಿ ಬಡಗುತಿಟ್ಟನ್ನು ಕುರಿತು ಆಂಗ್ಲ ಗ್ರಂಥವನ್ನೇ ಪ್ರಕಟಿಸಿದರು.

ಕಾರಂತರು 'ಯಕ್ಷರಂಗ'ವೆಂಬ ತಂಡದ ಮೂಲಕ ತಮ್ಮ ಪ್ರಯೋಗವನ್ನು ನಡೆಸಿದರು. ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸಫೋನುಗಳನ್ನು ಸೇರಿಸಿದರು. ವೇಷಭೂಷಣದಲ್ಲಿ ಹಳೆಯ ಬಣ್ಣ, ಹಳೆಯ ವಿನ್ಯಾಸಗಳನ್ನು ಎತ್ತಿಹಿಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಪಾತ್ರಧಾರಿಗಳ ಮಾತನ್ನು ಸಂಪೂರ್ಣವಾಗಿ ತೆಗೆದುಹಾಕಿದರು. 'ಅಭಿಮನ್ಯು ವಧೆ', 'ನಳ ದಮಯಂತಿ', 'ಪಂಚವಟಿ' ಮುಂತಾದ ಪ್ರಸಂಗಗಳು ಭಾಗವತನ ಹಾಡು ಮತ್ತು ನರ್ತಕನ ಅಂಗಗಳಿಂದಲೇ ನಡೆದವು. ಕನ್ನಡವರಿಯದ ದೇಶಗಳಲ್ಲಿಯೂ ಈ ಪ್ರದರ್ಶನಗಳಿಗೆ ಮನ್ನಣೆ ದೊರೆಯಿತು.

ಇದಕ್ಕೆ ವಿರೋಧವೂ ಬಂದಿತು. ಅದು ನಿರಾಧಾರವಾದ ವಿರೋಧವಲ್ಲ. ಯಕ್ಷಗಾನದ ಅರ್ಥಗಾರಿಕೆ ನಮ್ಮ ನಾಡಿನ ಒಂದು ದೊಡ್ಡ ವಿದ್ಯೆ. ಬರೆದಿಟ್ಟ ಸಂಭಾಷಣೆಯಿಲ್ಲದೆ, ಪದ್ಯವೊಂದರ ಆಧಾರದಿಂದ ಕಲಾವಿದನು ಧರ್ಮಾಧರ್ಮಗಳ ಚರ್ಚೆಯನ್ನು ಸ್ಥಳದಲ್ಲಿಯೇ ಹೆಣೆಯುತ್ತಾನೆ. ಅಕ್ಷರವರಿಯದ ಸಹಸ್ರಾರು ಜನರಿಗೆ ಪುರಾಣವನ್ನೂ ಭಾಷೆಯನ್ನೂ ಕಲಿಸಿದ ವಿಶ್ವವಿದ್ಯಾಲಯ ಅದು. ಅದನ್ನು ಕಿತ್ತೊಗೆದರೆ ಉಳಿಯುವುದು ಯಕ್ಷಗಾನವೇ ಅಲ್ಲ ಎಂದರು ಸಂಪ್ರದಾಯಜ್ಞರು. ಪಿಟೀಲು ಸೇರಿಸಿದವರು ಮಖಮಲ್ಲನ್ನು ಏಕೆ ದೂರಬೇಕೆಂದು ಕೇಳುವುದಕ್ಕೂ ಅವಕಾಶವಿದೆ. ಹಳೆಯದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರ ಒಬ್ಬ ವ್ಯಕ್ತಿಗೆ ಎಲ್ಲಿಂದ ಬಂದಿತು? ಕಲೆ ಸಮುದಾಯದ ಸ್ವತ್ತಲ್ಲವೇ?

ಇತಿಹಾಸವನ್ನು ಓದುವವರು ಈ ಪ್ರಶ್ನೆಗೆ ಫಲವನ್ನು ನೋಡಿ ಉತ್ತರಿಸಬೇಕು. ಕಾರಂತರು ಮೇಳಗಳನ್ನು ಮುಚ್ಚಿಸಲಿಲ್ಲ. ತಮ್ಮ ಪ್ರಯೋಗವನ್ನು ಬೇರೆಯ ತಂಡದಲ್ಲಿ, ಬೇರೆಯ ಹೆಸರಿನಲ್ಲಿ ನಡೆಸಿದರು. ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳು ಮಾತನ್ನು ಉಳಿಸಿಕೊಂಡೇ ಸಾಗಿದವು. ವೇಷವಿಲ್ಲದೆ ಕೇವಲ ಮಾತಿನಿಂದಲೇ ನಡೆಯುವ ತಾಳಮದ್ದಲೆಯೂ ಸಮೃದ್ಧವಾಗಿಯೇ ಮುಂದುವರಿಯಿತು. ಆದುದರಿಂದ ಮಾತು ನಾಶವಾಗಲಿಲ್ಲ. ಆದರೆ ಮಾತಿನ ಮಳೆಯಲ್ಲಿ ಮಸುಕಾಗಿದ್ದ ಕುಣಿತ ಮತ್ತು ವೇಷಗಳ ಕಡೆಗೆ ನಾಡಿನ ಕಣ್ಣು ಮರಳಿತು. ೧೯೭೯ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಗಾಗಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು 'ಬರ್ನಮ್ ವನ'ವೆಂಬ ಹೆಸರಿನಲ್ಲಿ ಹಿಂದಿಯಲ್ಲಿ ಆಡಿಸಿದಾಗ ಯಕ್ಷಗಾನದ ಹೆಜ್ಜೆಗಳನ್ನು ಬಳಸಿದ್ದು ಈ ಜಾಗೃತಿಯ ಕಾಲದ ಒಂದು ಕುರುಹು. ಸಮುದಾಯದ ಕಲೆಗೆ ಒಬ್ಬ ವ್ಯಕ್ತಿ ಒಡೆಯನಾಗಲಾರ, ಆದರೆ ಕಾವಲುಗಾರನಾಗಬಲ್ಲ. ಒಡೆಯನು ಅಳಿಸಿ ಬರೆಯುತ್ತಾನೆ, ಕಾವಲುಗಾರನು ಎಚ್ಚರಿಸುತ್ತಾನೆ. ಕಾರಂತರನ್ನು ಎರಡನೆಯ ಪಂಕ್ತಿಯಲ್ಲಿ ಇರಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಈಗ ಎರಡು ನೆಲಗಳನ್ನು ಹೋಲಿಸಿರಿ. ಹಿಜಿಕಾತಾ ಪರಂಪರೆಯ ಉಡುಪನ್ನು ಹರಿದು ಕಾಯವನ್ನು ತೋರಿಸಿದರು. ಕಾರಂತರು ಪರಂಪರೆಯ ಉಡುಪನ್ನು ಮತ್ತೆ ಕಟ್ಟಿ ಕಾಯವನ್ನು ತೋರಿಸಿದರು. ದಾರಿಗಳು ಎದುರುಬದುರು. ಆದರೆ ಪೇಟೆಯಿಂದ ತಂದ ಹೊಳಪನ್ನು ಇಬ್ಬರೂ ನಿರಾಕರಿಸಿದರು, ಹುಟ್ಟಿದ ಮಣ್ಣಿಗೆ ಇಬ್ಬರೂ ಮರಳಿದರು, ದುಡಿಯುವವರ ದೇಹದಲ್ಲಿ ಇಬ್ಬರೂ ಸೌಂದರ್ಯವನ್ನು ಕಂಡರು.

ನಮ್ಮ ಅಂಗಳದ ವೇಷ

ವಾಚಕರೇ, ಈ ಮಾತುಗಳನ್ನು ಕೇಳಿ ನಿಮ್ಮ ನೆನಪು ನಮ್ಮ ವೀರಗಾಸೆಯ ಕಡೆಗೆ ಹೊರಳಿದ್ದರೆ ಅದು ಸಹಜ. ದಕ್ಷಯಜ್ಞದ ಕಥೆಯನ್ನು ಒಡಪಿನ ಅಬ್ಬರದಲ್ಲಿ ಹೇಳುತ್ತ, ಕರಡೆ ಸಂಬಾಳಗಳ ನಾದಕ್ಕೆ ಹೆಜ್ಜೆ ಹಾಕುವ ಪುರವಂತನ ವೇಷವನ್ನು ಒಮ್ಮೆ ಅಂಗಾಂಗವಾಗಿ ನೋಡಿರಿ. ಕೆಂಪು ಅಥವಾ ಕಾವಿಯ ಉಡುಪು, ಬಿಗಿದ ಕಚ್ಚೆ, ಸೊಂಟದ ಪಟ್ಟಿ, ಎದೆಯ ಮೇಲೆ ವೀರಭದ್ರನ ಮುಖವುಳ್ಳ ಹಲಗೆ, ಕೊರಳಲ್ಲಿ ರುದ್ರಾಕ್ಷಿ, ನಾಗಾಭರಣ, ತಲೆಗೆ ಬಿಳಿಯ ಚೌರಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಖಡ್ಗ, ಹಣೆ ತೋಳುಗಳಲ್ಲಿ ವಿಭೂತಿ. ಬುತೋ ನರ್ತಕನ ಬಿಳಿಯ ಲೇಪ ಅವನ ವ್ಯಕ್ತಿತ್ವವನ್ನು ಅಳಿಸಿ ಅವನನ್ನು ಯಾರೂ ಅಲ್ಲದವನನ್ನಾಗಿ ಮಾಡುತ್ತದೆ. ವಿಭೂತಿಯ ಬಿಳುಪು 'ನಾನು' ಎಂಬುದನ್ನು ಸುಟ್ಟು ಧರಿಸಿದವನನ್ನು ಶಿವನವನನ್ನಾಗಿ ಮಾಡುತ್ತದೆ. ಬಣ್ಣ ಒಂದೇ, ಇಂಗಿತ ಬೇರೆ.

ನಮ್ಮ ಬೆಂಗಳೂರು ಸೀಮೆಯ ಕರಗವೂ ಇದಕ್ಕೆ ಸಮೀಪದ್ದು. ಚೈತ್ರಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗದ ಪೂಜಾರಿ ತಿಗಳ ಸಮುದಾಯದ ಪುರುಷ. ಆದರೆ ಆ ದಿನ ಆತ ಸೀರೆಯುಟ್ಟು ಬಳೆತೊಟ್ಟು ದ್ರೌಪದಿಯ ಶಕ್ತಿಯನ್ನು ತಲೆಯ ಮೇಲೆ ಹೊರುತ್ತಾನೆ. ಓನೊ ಅವರ ಸ್ತ್ರೀವೇಷವನ್ನು ಕಂಡು ಯುರೋಪು ಬೆರಗಾದದ್ದು ೧೯೮೦ರ ಸುಮಾರಿಗೆ. ಅಂತಹ ರೂಪಾಂತರ ನಮ್ಮ ಪೇಟೆಯ ಬೀದಿಗಳಲ್ಲಿ ತಲೆತಲಾಂತರದಿಂದ ವ್ರತವಾಗಿ ನಡೆದುಬಂದಿದೆ.

ಶರಣಸಮೂಹವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಮರ ಕೆತ್ತುವ ಬಾಚಿಕಾಯಕದ ಬಸವಪ್ಪ, ಬಟ್ಟೆಯ ಮಲಿನವನ್ನು ಕಳೆಯುವ ಮಡಿವಾಳ ಮಾಚಯ್ಯ, ವೇಷ ಧರಿಸಿ ಜನರ ಮುಂದೆ ಆಡುವ ಬಹುರೂಪಿ ಚೌಡಯ್ಯ. ಒಂದು ವೇಷ ಸಿದ್ಧವಾಗಿ ರಂಗಕ್ಕೆ ಬರಲು ಬೇಕಾದ ಕೈಗಳೆಲ್ಲವೂ ಆ ಪರಂಪರೆಯಲ್ಲಿ ಸಮಾನ ಗೌರವದ ಸ್ಥಾನ ಪಡೆದಿವೆ. ಶರಣರು ಕಪಟವೇಷವನ್ನು ಖಂಡಿಸಿದರೆಂಬುದು ದಿಟ. ಆದರೆ ಅವರು ಬಹುರೂಪಿಯನ್ನು ಹೊರಗಿಡಲಿಲ್ಲ. ಮೋಸಕ್ಕಾಗಿ ಹಾಕಿದ ವೇಷ ಬೇರೆ, ಕಾಯಕವಾಗಿ ಕಟ್ಟಿದ ವೇಷ ಬೇರೆ ಎಂಬ ವಿವೇಕ ಅವರಿಗಿತ್ತು. ದೇಹವನ್ನೇ ದೇವಾಲಯವೆಂದು ಕಂಡವರಿಗೆ, ಆ ದೇಹವನ್ನು ಸಿಂಗರಿಸುವ ಕೈ ಹಗುರವಾಗಿ ತೋರಲು ಸಾಧ್ಯವಿರಲಿಲ್ಲ.

ಹೊಸೂರು ರಸ್ತೆಯ ಬಟ್ಟೆ

ಈಗ ಸಿಂಗಸಂದ್ರಕ್ಕೆ ಬರೋಣ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸಮೀಪದಲ್ಲಿಯೇ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ ಮೇಲೆ ರಾಗಿಯ ಹೊಲಗಳಿದ್ದ ಈ ಊರುಗಳ ಚಹರೆ ಬದಲಾಯಿತು. ೨೦೨೫ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾಗಿ ಸಿಂಗಸಂದ್ರಕ್ಕೆ ತನ್ನದೇ ನಿಲ್ದಾಣ ಬಂದಿತು. ಎಲೆಕ್ಟ್ರಾನಿಕ್ ಸಿಟಿಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಇದೇ ಹೊಸೂರು ರಸ್ತೆಯ ಬೊಮ್ಮನಹಳ್ಳಿಯ ಸುತ್ತಮುತ್ತ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಜಗತ್ತಿಗೆ ಬಟ್ಟೆ ಹೊಲಿದುಕೊಟ್ಟಿದ್ದಾರೆಂಬುದನ್ನು ನೆನೆಯುವವರು ಕಡಿಮೆ. ೨೦೧೬ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರ್ಕಾರ ವಿಧಿಸಿದ ಹೊಸ ನಿರ್ಬಂಧವನ್ನು ವಿರೋಧಿಸಿ ಅವರು ರಸ್ತೆಗಿಳಿದಾಗ ನಗರವೇ ಸ್ತಬ್ಧವಾಯಿತು. ಎರಡನೆಯ ದಿನಕ್ಕೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆಗ ಲೋಕಕ್ಕೆ ಆ ಕೈಗಳು ಒಂದು ಕ್ಷಣ ಕಂಡವು.

ಕಾರ್ಖಾನೆಯಲ್ಲಿ ಒಬ್ಬಳು ಕಾಲರನ್ನು, ಇನ್ನೊಬ್ಬಳು ತೋಳನ್ನು, ಮತ್ತೊಬ್ಬಳು ಗುಂಡಿಯ ಕಾಜವನ್ನು ಹೊಲಿಯುತ್ತಾಳೆ. ಇಡೀ ಅಂಗಿ ಯಾರ ಕೈಯದೂ ಅಲ್ಲ. ಅದನ್ನು ಯಾರು ತೊಡುವರೆ ಂಬುದು ಹೊಲಿದವಳಿಗೆ ತಿಳಿಯದು. ಇದು ಆ ತಾಯಂದಿರ ದೋಷವಲ್ಲ, ಉತ್ಪಾದನೆಯ ಕ್ರಮವೇ ಹಾಗೆ. ವೇಷ ಕಟ್ಟುವವನ ಕ್ರಮ ಇದಕ್ಕೆ ವಿರುದ್ಧವಾದುದು. ಈ ಎದೆಹಲಗೆ ಯಾರ ಎದೆಗೆ, ಈ ಗೆಜ್ಜೆ ಯಾರ ಕಾಲಿಗೆ ಎಂಬುದನ್ನು ಬಲ್ಲವನೇ ಅದನ್ನು ಮಾಡುತ್ತಾನೆ. ಮಾಡಿದವನೂ ತೊಟ್ಟವನೂ ಒಂದೇ ಜಾತ್ರೆಯಲ್ಲಿ ಎದುರಾಗುತ್ತಾರೆ.

ಆ ಸಂಬಂಧ ಇಂದು ಕಡಿಯುತ್ತಿದೆ. ಈಚಿನ ಅನೇಕ ಉತ್ಸವಗಳಲ್ಲಿ ವೀರಗಾಸೆಯವರ ಮೈಮೇಲೆ ಪ್ಲಾಸ್ಟಿಕ್ಕಿನ ರುದ್ರಾಕ್ಷಿ, ತಗಡಿನಂತೆ ಮಿನುಗುವ ಕಾಗದದ ಪಟ್ಟಿ, ಬಾಡಿಗೆಗೆ ತಂದ ಒಂದೇ ಅಳತೆಯ ಉಡುಪುಗಳನ್ನು ನಾವು ಕಂಡಿದ್ದೇವೆ. ಕಲಾವಿದರನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಮರದ, ಹಿತ್ತಾಳೆಯ ಆಭರಣಕ್ಕೆ ಬೆಲೆ ಹೆಚ್ಚು, ಸಂಭಾವನೆಯಾದರೋ ಅಲ್ಪ. ಮೆರವಣಿಗೆಯಲ್ಲಿ ಹತ್ತು ನಿಮಿಷ ಕುಣಿಸಿ, ಛಾಯಾಚಿತ್ರ ತೆಗೆದು, ಒಡಪನ್ನು ಪೂರ್ತಿಯಾಗಿ ಕೇಳದೆ ಕಳುಹಿಸುವವರು ಉತ್ಸವ ನಡೆಸುವ ನಾವೇ ಅಲ್ಲವೇ? ಕುಣಿಯುವ ಹತ್ತು ನಿಮಿಷಕ್ಕೆ ಹಣ ಕೊಡುತ್ತೇವೆ, ವೇಷ ಕಟ್ಟುವ ಎರಡು ಗಂಟೆಗೆ ಕೊಡುವುದಿಲ್ಲ. ಹೀಗಿರುವಾಗ ಕಟ್ಟುವ ವೇಷ ಹಾಕುವ ವೇಷವಾಗಿ ಬಿಡುವುದರಲ್ಲಿ ಆಶ್ಚರ್ಯವೇನು?

ಸಂಗ್ರಹಾಲಯಗಳು ತಮ್ಮ ಕೆಲಸ ಮಾಡಿವೆ. ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ೧೯೯೪ರಲ್ಲಿ ಜಾನಪದ ಲೋಕವನ್ನು ನಾಡಿಗೆ ಅರ್ಪಿಸಿದರು. ಜೀ.ಶಂ. ಪರಮಶಿವಯ್ಯನವರು ನಮ್ಮ ಬಯಲುಸೀಮೆಯ ಮೂಡಲಪಾಯಕ್ಕೆ ವಿದ್ವತ್ತಿನ ಬೆಂಬಲವನ್ನೂ ಹೊಸ ಚೈತನ್ಯವನ್ನೂ ಕೊಟ್ಟರು. ಬೆಂಗಳೂರಿನ ಅಟ್ಟಕ್ಕಲರಿ ಕೇಂದ್ರದಂತಹ ಸಂಸ್ಥೆಗಳ ಮೂಲಕ ದೇಶವಿದೇಶಗಳ ನವೀನ ನೃತ್ಯಮಾರ್ಗಗಳು ನಗರಕ್ಕೆ ಪರಿಚಯವಾದವು. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಎದೆಹಲಗೆಗೆ ಎದೆಬಡಿತವಿರುವುದಿಲ್ಲ. ತೊಡುವವನು ಇದ್ದರೆ ಮಾಡುವವನು ಉಳಿಯುತ್ತಾನೆ; ಮಾಡುವವನಿಗೆ ಮಗನೋ ಶಿಷ್ಯನೋ ಇದ್ದರೆ ವಿದ್ಯೆ ಉಳಿಯುತ್ತದೆ.

ಆದುದರಿಂದ ನಿಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ನಿಮ್ಮ ಊರಿನ ಉತ್ಸವಕ್ಕೆ ತಂಡವನ್ನು ಕರೆಸುವಾಗ ವೇಷ ಕಟ್ಟಲು ಶುಚಿಯಾದ ಸ್ಥಳ, ನೀರು, ಸಾಕಷ್ಟು ಹೊತ್ತು ಒದಗಿಸಿರಿ. ಆ ಹೊತ್ತಿಗೂ ಸಂಭಾವನೆ ಕೊಡಿರಿ. ಮಕ್ಕಳನ್ನು ಕುಣಿತ ನೋಡಲು ಮಾತ್ರವಲ್ಲ, ವೇಷ ಕಟ್ಟುವುದನ್ನು ನೋಡಲೂ ಕಳುಹಿಸಿರಿ. ಅನುಕೂಲವುಳ್ಳ ಹಳೆಯ ವಿದ್ಯಾರ್ಥಿಗಳು ಭೋಜನದ ದಾಸೋಹದಂತೆಯೇ ಒಂದು ಎದೆಹಲಗೆಯನ್ನೋ ಒಂದು ಜೊತೆ ಗೆಜ್ಜೆಯನ್ನೋ ಬಲ್ಲ ಕೈಯಿಂದ ಮಾಡಿಸಿ ತಂಡವೊಂದಕ್ಕೆ ಸಲ್ಲಿಸಿರಿ. ಕಾರ್ಖಾನೆಯಲ್ಲಿ ಹೊಲಿಗೆ ಬಲ್ಲ ಹೆಣ್ಣುಮಕ್ಕಳು ನಿಮ್ಮ ನೆರೆಯಲ್ಲಿದ್ದಾರೆ. ಊರ ದೇವರ ವೇಷವನ್ನು ಆದಿಯಿಂದ ಅಂತ್ಯದವರೆಗೆ ತಾವೇ ಹೊಲಿಯುವ ಅವಕಾಶವನ್ನು, ತಕ್ಕ ಕೂಲಿಯೊಡನೆ, ಅವರಿಗೆ ಕೊಡಿರಿ. ತಾನು ಹೊಲಿದ ಉಡುಪು ರಥದ ಮುಂದೆ ಕುಣಿಯುವುದನ್ನು ಆ ತಾಯಿ ಕಾಣಲಿ.

ಕಾರಂತರು ೧೯೯೭ರ ಡಿಸೆಂಬರ್ ೯ರಂದು, ೯೫ನೆಯ ವಯಸ್ಸಿನಲ್ಲಿ ಅಗಲಿದರು. ಜಪಾನಿನ ಆ ಇಬ್ಬರು ಹಿರಿಯರೂ ಈಗಿಲ್ಲ. ಅವರ ಕಾಯಗಳು ಮಣ್ಣಿಗೆ ಸಂದವು. ಕಾಯ ಅಳಿಯುವಂಥದ್ದೇ, ಕಾಯಕವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದರೆ ಮಾತ್ರ ಅಳಿಯುವುದಿಲ್ಲ. ದಾಟಿಸುವ ಆ ಕೈಗಳಲ್ಲಿ ನಿಮ್ಮದೂ ಒಂದಾಗಲಿ ಎಂದು ಹಾರೈಸುತ್ತೇವೆ.